ಮಂಜುಗಡ್ಡೆಗೆ ಮಸಿ ಬಳಿಯುವ ಹಡಗುಗಳು: ಕಡಲ ಸಂಸ್ಥೆಯ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಹಡಗು ಸಂಚಾರಕ್ಕೆ ನಿಯಮ ರೂಪಿಸುವ ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಹಾಕಾರ್ಯದರ್ಶಿ ಆರ್ಸೆನಿಯೊ ಡೊಮಿಂಗೆಜ್ ಅವರಿಗೆ,

ನಮಸ್ಕಾರ.

ಹವಾಮಾನದ ಬಗ್ಗೆ ಪತ್ರ ಬರೆಯುವವರು ಸಾಮಾನ್ಯವಾಗಿ ಇಡೀ ಭೂಮಿಯನ್ನೇ ಉಳಿಸಿಕೊಡಿ ಎನ್ನುತ್ತಾರೆ. ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಕಡಲಿನಲ್ಲಿ ಓಡಾಡುವ ಹಡಗುಗಳು ಯಾವ ಎಣ್ಣೆ ಸುಡಬೇಕು ಅನ್ನುವುದಷ್ಟೇ ನನ್ನ ವಿಷಯ.

1979ರ ಸೆಪ್ಟೆಂಬರ್‌ನಲ್ಲಿ, ಅಂದರೆ ಬೇಸಿಗೆ ಮುಗಿದು ಮಂಜುಗಡ್ಡೆ ತೀರಾ ಕಡಿಮೆ ಇರುವ ಹೊತ್ತಿನಲ್ಲೂ, ಅಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಗಡ್ಡೆ ಇತ್ತು. 2012ರಲ್ಲಿ ಅದು 34 ಲಕ್ಷಕ್ಕೆ ಇಳಿಯಿತು. 2025ರ ಮಾರ್ಚ್‌ನಲ್ಲಂತೂ ಚಳಿಗಾಲದ ಕೊನೆಗೆ ಕಟ್ಟಿದ ಗಡ್ಡೆಯೇ ಉಪಗ್ರಹಗಳ ಅಲ್ಲಿಯವರೆಗಿನ ದಾಖಲೆಯಲ್ಲಿ ಅತಿ ಕಡಿಮೆ. ವರ್ಷಗಟ್ಟಲೆ ಕರಗದೆ ದಪ್ಪವಾಗಿ ಉಳಿಯುತ್ತಿದ್ದ ಹಳೆಯ ಗಡ್ಡೆ ಬಹುಪಾಲು ಹೋಗಿದೆ. ಈಗಿರುವುದು ಜಾಸ್ತಿ ಒಂದೇ ಚಳಿಗಾಲದ ತೆಳು ಪದರ.

ಕರಗಿದ ಕಡೆಯೆಲ್ಲ ಹಡಗಿಗೆ ದಾರಿಯಾಯಿತು. 2013ರಿಂದ 2023ರ ನಡುವೆ ಆರ್ಕ್ಟಿಕ್‌ಗೆ ಬರುವ ಹಡಗುಗಳ ಸಂಖ್ಯೆ ಶೇ 37ರಷ್ಟು ಹೆಚ್ಚಿದೆ ಎಂದು ಅಲ್ಲಿನ ದೇಶಗಳ ಕೂಟವಾದ ಆರ್ಕ್ಟಿಕ್ ಮಂಡಳಿಯೇ ಲೆಕ್ಕ ಕೊಟ್ಟಿದೆ.

ಇವುಗಳಲ್ಲಿ ಹಲವು ಸುಡುವ ಭಾರದ ಎಣ್ಣೆ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ, ಓದುಗರಿಗೆ ಹೇಳುತ್ತೇನೆ. ಪೆಟ್ರೋಲು, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟು ಅದು. ತಣ್ಣಗಾದರೆ ಡಾಂಬರಿನ ಹಾಗೆ. ಬಿಸಿ ಮಾಡದೆ ಪೈಪಿನಲ್ಲಿ ಹರಿಯುವುದೇ ಇಲ್ಲ. ಸುಟ್ಟರೆ ಮಸಿ ಕಾರುತ್ತದೆ. ಹೊಸ ಹಿಮ ಬಿದ್ದ ಗಡ್ಡೆ ಬಿಸಿಲಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲನ್ನು ವಾಪಸ್ ಕಳಿಸುತ್ತದೆ. ಅದರ ಮೇಲೆ ಮಸಿಯ ಕಣ ಕೂತರೆ ಕಣ ಬಿಸಿಲು ಹೀರಿ ಕಾಯುತ್ತದೆ, ಸುತ್ತಲಿನ ಹಿಮ ಕರಗುತ್ತದೆ. ಆ ನೀರು ತಗ್ಗಿನಲ್ಲಿ ನಿಂತು ನೀಲಿ ಹೊಂಡವಾಗುತ್ತದೆ. ಹೊಂಡ ಇನ್ನಷ್ಟು ಬಿಸಿಲು ಹೀರುತ್ತದೆ. ಗಡ್ಡೆ ತೆಳುವಾಗಿದ್ದರೆ ತಳವೇ ತೂತು. ಕೆಳಗಿನ ಕಡಲು ಬಿಸಿಲನ್ನು ವಾಪಸ್ ಕಳಿಸುವುದು ಶೇ 6ರ ಆಸುಪಾಸು ಮಾತ್ರ. ಇನ್ನಷ್ಟು ಹಡಗುಗಳಿಗೆ ಸ್ವಾಗತ!

ಮಸಿ ನಿಂತರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಮುಖ್ಯ ಕಾರಣ ಕಾರ್ಬನ್ ಡೈ ಆಕ್ಸೈಡ್. ಅದರ ಒಂದೊಂದು ಟನ್ನಿಗೂ ಸೆಪ್ಟೆಂಬರ್‌ನ ಗಡ್ಡೆ ಸುಮಾರು 3 ಚದರ ಮೀಟರ್ ಕಳೆದುಹೋಗುತ್ತದೆ ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆದರೆ ಆ ಅನಿಲ ಗಾಳಿಯಲ್ಲಿ ನೂರಾರು ವರ್ಷ ಉಳಿಯುತ್ತದೆ. ಮಸಿ ಹೆಚ್ಚೆಂದರೆ ಕೆಲವು ವಾರ. ಇವತ್ತು ನಿಲ್ಲಿಸಿದರೆ ಬೇಗ ಫಲ ಕಾಣುವ ಕೆಲಸ ಇದು.

ನಿಮ್ಮ ಸಂಸ್ಥೆ ಅಂಟಾರ್ಕ್ಟಿಕ್ ಕಡಲಿನಲ್ಲಿ ಈ ಎಣ್ಣೆಯನ್ನು 2011ರಲ್ಲೇ ನಿಷೇಧಿಸಿತು. ಉತ್ತರದಲ್ಲಿ ನಿಷೇಧ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಅದೂ ಅರೆಮನಸ್ಸಿನಿಂದ. ಇಂಧನ ಟ್ಯಾಂಕಿಗೆ ಎರಡು ಪದರದ ರಕ್ಷಣೆ ಇರುವ ಹಡಗುಗಳಿಗೆ 2029ರ ಜುಲೈವರೆಗೆ ವಿನಾಯಿತಿ. ಆರ್ಕ್ಟಿಕ್ ಕರಾವಳಿಯ ದೇಶಗಳು ತಮ್ಮ ಬಾವುಟದ ಹಡಗುಗಳಿಗೆ ತಮ್ಮ ನೀರಿನಲ್ಲಿ ಅಷ್ಟೇ ಕಾಲ ರಿಯಾಯಿತಿ ಕೊಡಬಹುದು. ಎರಡು ಪದರ ಇದ್ದರೆ ಎಣ್ಣೆ ಸುಲಭವಾಗಿ ಸೋರುವುದಿಲ್ಲ, ಒಪ್ಪೋಣ. ಹೊಗೆ ಕೊಳವೆಯಿಂದ ಬರುವ ಮಸಿಯನ್ನು ಅದು ತಡೆಯುತ್ತದೆಯೇ? ಮಸಿಯ ಬಗ್ಗೆ ನಿಮ್ಮಲ್ಲಿ 2011ರಿಂದ ಚರ್ಚೆ ನಡೆಯುತ್ತಲೇ ಇದೆ. ಡೀಸೆಲ್‌ನಂಥ ಹಗುರ ಇಂಧನ ಬಳಸಿ ಎಂದು 2021ರಲ್ಲಿ ನಿರ್ಣಯವೂ ಆಯಿತು. ಆದರೆ ಅದು ಬರೀ ಮನವಿ, ಮನಸ್ಸಿದ್ದವರು ಪಾಲಿಸಬಹುದು.

ನಿಯಮ ಮಾಡುವುದು ಸದಸ್ಯ ದೇಶಗಳು, ನಾನಲ್ಲ ಎಂದು ನೀವು ಹೇಳಬಹುದು. ನಿಜವೇ. ಆದರೆ ಆ ಕುರ್ಚಿಯಿಂದ ಬರುವ ಮಾತಿಗೆ ತೂಕ ಇದೆ ಅಲ್ವಾ? ಕಡಲ ಪರಿಸರ ರಕ್ಷಣಾ ಸಮಿತಿಯ ಮುಂದಿನ ಸಭೆಯಲ್ಲಿ ಎರಡು ಮಾತು ಎತ್ತಿ. ಆರ್ಕ್ಟಿಕ್‌ನಲ್ಲಿ ಹಗುರ ಇಂಧನ ಕಡ್ಡಾಯವಾಗಲಿ. ರಿಯಾಯಿತಿ ಕೊಡುವ ದೇಶಗಳು 2029ರವರೆಗೆ ಕಾಯದೆ ಅದನ್ನು ಕೈಬಿಡಲಿ.

ನೀವು ಉತ್ತರ ಬರೆದರೆ ಅದನ್ನೂ ಹೀಗೇ ಎಲ್ಲರಿಗೂ ಓದಲು ಕೊಡುತ್ತೇನೆ.

ಇತಿ,
ಒಬ್ಬ ಕನ್ನಡ ಓದುಗ