ಉಪ್ಪುಗಾಳಿ ತಡೆಯುವ ಪ್ಲೇಟು ಬೇಕು: ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಅವರಿಗೆ ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ,

ಕಾರವಾರದಿಂದ ನಮಸ್ಕಾರ.

ನಾನು ಸೋಲಾರ್ ಕೆಲಸದವನು. ಕಾರವಾರ, ಅಂಕೋಲಾ, ಜೋಯಿಡಾ ಕಡೆ ಮನೆಗಳ ಮೇಲೆ ಪ್ಲೇಟು ಕೂರಿಸಲು ಶುರು ಮಾಡಿ ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ನಿಮ್ಮ ಕಡತದಲ್ಲಿ ಪ್ಯಾನೆಲ್ ಅನ್ನುವುದಕ್ಕೆ ನಮ್ಮ ಗಿರಾಕಿಗಳು ಪ್ಲೇಟು ಅಂತಲೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನೀವು ಧಾರವಾಡದ ಸಂಸದರು. ಅಲ್ಲಿಂದ ಘಟ್ಟ ಇಳಿದರೆ ನಮ್ಮೂರು. ದೇಶದ ಸೋಲಾರ್ ಖಾತೆ ಕನ್ನಡದವರ ಕೈಯಲ್ಲಿರುವಾಗ ಹೇಳಬೇಕಾದ್ದನ್ನು ಕನ್ನಡದಲ್ಲೇ ಹೇಳಿಬಿಡೋಣ ಅನ್ನಿಸಿತು.

ನನ್ನ ಅಂಗಡಿಯ ಗೋಡೆಗೆ ಒಂದು ಪ್ಲೇಟು ಒರಗಿಸಿಟ್ಟಿದ್ದೇನೆ. ದೇವಬಾಗದ ಮೀನುಗಾರರೊಬ್ಬರ ಮನೆಯದು. ಏಳು ವರ್ಷದ ಹಿಂದೆ ನಾನೇ ಹಾಕಿದ್ದು. ಹೋದ ಮಳೆಗಾಲ ಮುಗಿದ ಮೇಲೆ, 'ಕರೆಂಟು ತುಂಬಾ ಕಮ್ಮಿ ಬರ್ತಾ ಇದೆ, ಒಮ್ಮೆ ಬಂದು ನೋಡಿ' ಅಂತ ಅವರ ಮಗ ಫೋನ್ ಮಾಡಿದ. ಏಣಿ ಹಾಕಿ ಹತ್ತಿದೆ. ಮೇಲಿನ ಗಾಜು ಚೆನ್ನಾಗಿಯೇ ಇತ್ತು. ಹಿಂಬದಿಯಲ್ಲಿ ವೈರು ಸೇರುವ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರು ಕಿಲುಬು. ಬೆಸುಗೆ ಹಾಕಿದ ಪಟ್ಟಿ ಬೆರಳು ತಾಗಿದ ಕೂಡಲೇ ಮುರಿದು ಕೈಗೆ ಬಂತು. ಹಿಂದಿನ ಬಿಳಿ ಹಾಳೆಯನ್ನು ಉಗುರಿನಲ್ಲಿ ಕೆರೆದರೆ ಹಳೇ ಗೋಡೆಯ ಸುಣ್ಣದ ಹಾಗೆ ಪುಡಿ ಉದುರುತ್ತದೆ. ವಾರಂಟಿ ಕಾರ್ಡಿನಲ್ಲಿ 25 ವರ್ಷ ಅಂತಿದೆ. ಕಾರ್ಡಿನ ನಂಬರಿಗೆ ಹಚ್ಚಿದರೆ ಯಾರದೋ ಮನೆಗೆ ಹೋಗುತ್ತದೆ. ಮೂರನೇ ಸಲ ಹಚ್ಚಿದಾಗ ಆ ಮನೆಯವರು ನನಗೇ ಬೈದರು.

ಜೋಯಿಡಾದ ಕಾಡಂಚಿನ ಒಂದು ಮನೆಯಲ್ಲಿ 1998ರಲ್ಲಿ ನಾನು ಹಾಕಿದ 35 ವ್ಯಾಟಿನ ಪುಟ್ಟ ಪ್ಲೇಟು ಇವತ್ತಿಗೂ ದೀಪ ಉರಿಸುತ್ತಿದೆ. ಬ್ಯಾಟರಿ ಐದು ಸಲ ಬದಲಾಗಿದೆ. ಪ್ಲೇಟಿನ ನಟ್ಟು ಸಹ ಬಿಚ್ಚಿಲ್ಲ. ಅದು ಬೆಂಗಳೂರಿನಲ್ಲಿ ತಯಾರಾದದ್ದು. ಹಳೆಯದೆಲ್ಲ ಬಂಗಾರ ಅಂತ ಹೇಳುತ್ತಿಲ್ಲ. ಜೋಯಿಡಾದಲ್ಲಿ ಉಪ್ಪುಗಾಳಿ ಬೀಸುವುದಿಲ್ಲ, ಅದೂ ಒಂದು ಕಾರಣ. ಆದರೆ ಅದು ಕೆಟ್ಟಿದ್ದರೆ ಹೋಗಿ ಕೇಳಲು ಬೆಂಗಳೂರಿನಲ್ಲಿ ಒಂದು ಬಾಗಿಲಿತ್ತು. ಯಾಕೆ ಕೆಟ್ಟಿತು ಅಂತ ಬಿಚ್ಚಿ ನೋಡಿ ಹೇಳಬಲ್ಲ ಎಂಜಿನಿಯರು ಆ ಬಾಗಿಲ ಹಿಂದೆ ಇದ್ದ.

ನಮಗೆ ಈ ವಿದ್ಯೆ ಹೊಸದೇನಲ್ಲ. ದೆಹಲಿ ಪಕ್ಕದ ಸಾಹಿಬಾಬಾದಿನ ಸರ್ಕಾರಿ ಕಂಪನಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲೇ ದೇಶದ ಮೊದಲ ಸೋಲಾರ್ ಸೆಲ್ ಮಾಡಿತು. ಸೆಲ್ ಅಂದರೆ ಪ್ಲೇಟಿನೊಳಗೆ ಬಿಸಿಲನ್ನು ಕರೆಂಟು ಮಾಡುವ ಬಿಲ್ಲೆ. ಬೆಂಗಳೂರಿನಲ್ಲಿ ಬಿಎಚ್‌ಇಎಲ್ ಸೆಲ್ ಮಾಡಿತು, 1989ರಲ್ಲಿ ಟಾಟಾ ಬಿಪಿ ಸೋಲಾರ್ ಬಂತು. ನಮ್ಮ ಪ್ಲೇಟುಗಳು ಜರ್ಮನಿಗೆ ಹೋಗುತ್ತಿದ್ದ ಕಾಲವೂ ಇತ್ತು. 2011ರ ಆಸುಪಾಸಿನಲ್ಲಿ ಚೀನಾ ಮಾಲು ಸುರಿಯಿತು, ಬೆಲೆ ಧೊಪ್ಪನೆ ಬಿತ್ತು. ಇಲ್ಲಿನ ಎಷ್ಟೋ ಸೆಲ್ ಕಾರ್ಖಾನೆಗಳು ಸುಮ್ನೆ ನಿಂತವು. ಸರ್ಕಾರಿ ಯೋಜನೆಗೆ ದೇಶೀ ಸೆಲ್ಲೇ ಬೇಕು ಅಂತ ನಿಯಮ ಮಾಡಿದ್ದಕ್ಕೆ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು, 2016ರಲ್ಲಿ ನಾವು ಸೋತೆವು. ಆಗ ನಾನೂ ಅಗ್ಗದ ಮಾಲನ್ನೇ ತರಿಸಿದೆ. ಗಿರಾಕಿ ಕೇಳುವುದು ರೇಟನ್ನು. ದೇವಬಾಗದ ಪ್ಲೇಟು ಬಂದದ್ದು ಹಾಗೆ.

ಈಗ ಕಾಲ ಬದಲಾಗಿದೆ, ಒಪ್ಪುತ್ತೇನೆ. 2022ರ ಏಪ್ರಿಲ್‌ನಿಂದ ಹೊರಗಿನ ಪ್ಲೇಟಿಗೆ 40, ಸೆಲ್ಲಿಗೆ 25 ಪರ್ಸೆಂಟ್ ಸುಂಕ ಹಾಕಿದಿರಿ. ಕಾರ್ಖಾನೆಗಳಿಗೆ ಉತ್ಪಾದನೆ ನೋಡಿ ಕೊಡುವ ಪ್ರೋತ್ಸಾಹಧನಕ್ಕೆ ಎರಡು ಕಂತಿನಲ್ಲಿ 24,000 ಕೋಟಿ ಇಟ್ಟಿರಿ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್ ಹಾಕಿಸಿದವರಿಗೆ 78,000 ರೂಪಾಯಿ ಸಬ್ಸಿಡಿ, ಆದರೆ ಸೆಲ್ಲೂ ಪ್ಲೇಟೂ ದೇಶೀ ಆಗಿರಬೇಕು. ಇದರಿಂದ ನನ್ನಂಥವರ ಹೊಟ್ಟೆ ತುಂಬುತ್ತಿದೆ, ಸುಳ್ಳು ಹೇಳುವುದಿಲ್ಲ.

'ಇದು ಪೂರ್ತಿ ನಮ್ಮ ದೇಶದ್ದೇ ಅಲ್ವಾ?' ಅಂತ ಗಿರಾಕಿ ಕೇಳಿದಾಗ ಮಾತ್ರ ತಡವರಿಸುತ್ತೇನೆ. ಬಿಳಿಕಲ್ಲಿನಿಂದ ಸಿಲಿಕಾನ್ ತೆಗೆಯಬೇಕು. ಅದನ್ನು ಶುದ್ಧ ಮಾಡಿದರೆ ಪಾಲಿಸಿಲಿಕಾನ್. ಕರಗಿಸಿ ಗಟ್ಟಿ ಮಾಡಿ, ಕೂದಲೆಳೆಯಷ್ಟೇ ದಪ್ಪದ ಹಾಳೆ ಕೊಯ್ದರೆ ವೇಫರ್. ಅದು ಸೆಲ್ ಆಗಿ, ಸೆಲ್ಲುಗಳು ಸಾಲಾಗಿ ಕೂತು ಪ್ಲೇಟು. ಪ್ಲೇಟು ಜೋಡಿಸುವುದರಲ್ಲಿ ನಾವು ಬೇಕಾದಷ್ಟು ಮುಂದಿದ್ದೇವೆ. ಸೆಲ್ಲಿನಲ್ಲಿ ಈಗ ಚುರುಕಾಗಿದ್ದೇವೆ. ವೇಫರ್ ಬಹುಪಾಲು ಈಗಲೂ ಚೀನಾದಿಂದ ಹಡಗಿನಲ್ಲೇ ಬರುತ್ತದೆ. ಹಿಟ್ಟು ರುಬ್ಬಿದವರು ಬೇರೆ, ದೋಸೆ ಹೊಯ್ದವರು ನಾವು. ಕಾವಲಿಗಳು ಸಹ ಹೆಚ್ಚಿನವು ಅಲ್ಲಿಂದಲೇ ಬಂದವು, ಅಂದರೆ ಕಾರ್ಖಾನೆಯೊಳಗಿನ ಮೆಷಿನ್ನು.

ಚೀನಾದವರು ಹೇಗೆ ಕಲಿತರು ಅನ್ನುವುದನ್ನು ನಿಮ್ಮ ಅಧಿಕಾರಿಗಳು ಒಮ್ಮೆ ಕೂತು ಓದಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಎಂಬ ಮೇಷ್ಟ್ರ ಸೋಲಾರ್ ಲ್ಯಾಬ್ ಇದೆ. ಅಲ್ಲಿ ಪಿಎಚ್‌ಡಿ ಮಾಡಿದ ಶಿ ಝೆಂಗ್‌ರೊಂಗ್ ಊರಿಗೆ ವಾಪಸಾಗಿ, ವೂಶಿ ನಗರದ ಆಡಳಿತ ಬಂಡವಾಳಕ್ಕೆ ನೆರವಾದ ಮೇಲೆ, 2001ರಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. ಲ್ಯಾಬಿನ ವಿದ್ಯೆ, ಸರ್ಕಾರದ ದುಡ್ಡು, ಕಂಪನಿಯ ಕೆಲಸ ಮೂರೂ ಒಂದೇ ಅಂಗಳಕ್ಕೆ ಬಂದವು. 2013ರಲ್ಲಿ ಆ ಕಂಪನಿ ದಿವಾಳಿ ಎದ್ದಿತು. ಅಷ್ಟರಲ್ಲಿ ಕೆಲಸ ಕಲಿತವರು ಸಾಕಷ್ಟು ಜನ ತಯಾರಾಗಿದ್ದರು. ನಮ್ಮಲ್ಲಿ ಕಾರ್ಖಾನೆ ನಿಂತಾಗ ಕಲಿತವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ನನ್ನ ಪ್ರಕಾರ ನಾವು ಕಳಕೊಂಡ ದೊಡ್ಡ ಆಸ್ತಿ ಅದೇ.

ಕಾರವಾರಕ್ಕೆ ಸೋಲಾರ್ ಕಾರ್ಖಾನೆ ಕೊಡಿ ಅಂತ ಕೇಳಲು ಈ ಪತ್ರ ಬರೆದಿಲ್ಲ. ಕಾಳಿ ನದಿಗೆ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಅಂತ ಈ ಜಿಲ್ಲೆ ಬೇಕಾದಷ್ಟು ಜಾಗ ಬಿಟ್ಟುಕೊಟ್ಟಿದೆ. ಇನ್ನೊಂದು ಊರು ಎಬ್ಬಿಸುವ ಮಾತು ಬೇಡ. ಪಾಲಿಸಿಲಿಕಾನ್ ಮಾಡಲು ಹೈಡ್ರೋಕ್ಲೋರಿಕ್ ಆಸಿಡ್ ಬೇಕು, ಆ ಆಸಿಡ್ಡಿಗೆ ಬೇಕಾದ ಕ್ಲೋರಿನ್ ಜೊತೆಗೇ ಹೊರಬರುವ ಕಾಸ್ಟಿಕ್ ಸೋಡಾ ಕಾರ್ಖಾನೆ ಬಿಣಗಾದಲ್ಲಿ ಹೇಗೂ ಇದೆಯಲ್ಲ ಅಂತ ಗೆಳೆಯನೊಬ್ಬ ಲೆಕ್ಕ ಹಾಕುತ್ತಾನೆ. ಲೆಕ್ಕ ಸರಿಯಿರಬಹುದು. ಆದರೆ ಆ ಕೆಲಸ ತಿನ್ನುವ ಕರೆಂಟು ಕಂಡರೆ ನನಗೆ ಭಯ.

ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವುದು ಒಂದಿದೆ: ಪ್ಲೇಟನ್ನು ಕೊಲ್ಲುವ ಹವೆ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಉಳಿದ ದಿನ ಉಪ್ಪುಗಾಳಿ, ಸೆಕೆ. ಶಿರಸಿ ಕಡೆ ಹೋದರೆ ಬೇರೆಯೇ ಕಾಟ. ಫ್ರೇಮಿನ ಕೆಳ ಅಂಚಿನಲ್ಲಿ ನೀರು ನಿಂತು ಹಾವಸೆ ಕಟ್ಟುತ್ತದೆ, ಆ ಸಾಲಿನ ಸೆಲ್ಲುಗಳು ನೆರಳಿಗೆ ಸಿಕ್ಕಿ, ಉಳಿದವುಗಳ ಕರೆಂಟಿಗೆ ಅಡ್ಡವಾಗಿ ಬಿಸಿಯಾಗುತ್ತವೆ. ಮಂಗಗಳ ಕಥೆ ಬೇರೆ ಪತ್ರದಲ್ಲಿ ಬರೆಯುತ್ತೇನೆ. ಉಪ್ಪಿನ ಪರೀಕ್ಷೆಯನ್ನು ಲ್ಯಾಬಿನ ಪೆಟ್ಟಿಗೆಯಲ್ಲಿ ಉಪ್ಪುನೀರು ಚಿಮುಕಿಸಿ ಮಾಡುತ್ತಾರೆ, ಗೊತ್ತು. ಆ ಪೆಟ್ಟಿಗೆಯಲ್ಲಿ ಹಾವಸೆ ಬೆಳೆಯುವುದಿಲ್ಲ. ಐಐಟಿ ಬಾಂಬೆಯವರೂ ಗುರುಗ್ರಾಮದ ನಿಮ್ಮ ಸೌರಶಕ್ತಿ ಸಂಸ್ಥೆಯವರೂ 2013ರಿಂದ ಕೆಲವು ಸಲ ದೇಶ ಸುತ್ತಿ ಹಳೇ ಪ್ಲೇಟು ಅಳೆದಿದ್ದಾರೆ. ಸೆಕೆಯ ಊರುಗಳಲ್ಲಿ, ಅದರಲ್ಲೂ ಸಣ್ಣ ಘಟಕಗಳಲ್ಲಿ ಸವೆತ ಜಾಸ್ತಿ ಅಂತ ಅವರೇ ಕಂಡುಕೊಂಡರು. ಅಂಥ ಕೆಲಸ ಬಂದುಹೋಗುವ ಸರ್ವೆ ಆಗಬಾರದು, ಇಲ್ಲೇ ಬೇರು ಬಿಡಬೇಕು.

ಹಾಗಾಗಿ ಕೇಳುತ್ತೇನೆ. ಕಾರವಾರದ ಕಡಲ ಪಕ್ಕ ಒಂದು, ಶಿರಸಿಯಲ್ಲಿ ಒಂದು, ಎರಡು ಪರೀಕ್ಷಾ ಅಂಗಳ ಮಾಡಿ. ಒಂದೊಂದಕ್ಕೆ ಎಕರೆ ಜಾಗ ಸಾಕು. ದಿನದ ಅಳತೆ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ, ಐಟಿಐಗಳ ಹುಡುಗರು ನೋಡಿಕೊಳ್ಳಲಿ. ಕೆಟ್ಟದ್ದನ್ನು ಬಿಚ್ಚಿ ಕಾರಣ ಹುಡುಕುವ ಲ್ಯಾಬ್, ಹೊಸ ಹಾಳೆ, ಹೊಸ ಅಂಟು, ಹೊಸ ಸೆಲ್ ಮಾಡಿ ನೋಡುವ ಒಂದು ಸಣ್ಣ ಲೈನು ಐಐಟಿ ಧಾರವಾಡದಲ್ಲಿರಲಿ. ಅದು ನಿಮ್ಮ ಕ್ಷೇತ್ರದಲ್ಲೇ ಇದೆ. ಬೆಂಗಳೂರಿನ ಐಐಎಸ್ಸಿಯ ಮೇಷ್ಟ್ರುಗಳು, ಬಿಎಚ್‌ಇಎಲ್‌ನಲ್ಲಿ ಸೆಲ್ ಮಾಡಿ ನಿವೃತ್ತರಾದವರು ಬಂದು ಕಲಿಸಲಿ. ಸರ್ಕಾರದ ಪ್ರೋತ್ಸಾಹಧನ ತೆಗೆದುಕೊಳ್ಳುವ ಪ್ರತಿ ಕಂಪನಿಯೂ ತನ್ನ ಪ್ಲೇಟನ್ನು ಈ ಅಂಗಳದಲ್ಲಿ ಇಡಲೇಬೇಕು ಅಂತ ಷರತ್ತು ಹಾಕಿ. ಯಾವ ಪ್ಲೇಟು ಎಷ್ಟು ಸವೆಯಿತು ಅನ್ನುವುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲೂ ಹಾಕಿ, ನಾವೂ ಓದುತ್ತೇವೆ.

ಕಂಪನಿಗಳು ಇದಕ್ಕೆ ಮುಖ ಸಿಂಡರಿಸುತ್ತವೆ. ಹೆಸರು ಕೆಡುತ್ತದೆ ಅನ್ನುತ್ತವೆ. ಮೊದಲ ಎರಡು ವರ್ಷ ಹೆಸರು ಬೇಡ, ಮಾಲಿನ ನಮೂನೆ ಮಾತ್ರ ಹಾಕಿ. ಅಷ್ಟರೊಳಗೆ ಅವರು ತಿದ್ದಿಕೊಳ್ಳಲಿ.

ದೇವಬಾಗದ ಆ ಪ್ಲೇಟನ್ನು ನಾನಿನ್ನೂ ಗುಜರಿಗೆ ಹಾಕಿಲ್ಲ. ಕಿಲುಬು ಒರೆಸಿಲ್ಲ, ಮುರಿದ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹಿಂಬದಿಗೆ ಅಂಟಿಸಿಟ್ಟಿದ್ದೇನೆ. ನೋಡಲು ಯಾರನ್ನಾದರೂ ಕಳಿಸಿ. ಮಳೆ ಹಿಡಿಯುವ ಮುಂಚೆ ಬಂದರೆ ಒಳ್ಳೆಯದು, ಆಮೇಲೆ ನಾನು ಸೂರಿನ ಮೇಲೆ ಹತ್ತುವುದಿಲ್ಲ.

ಇಂತಿ,
ಕಾರವಾರದ ಒಬ್ಬ ಸೋಲಾರ್ ಮೆಕ್ಯಾನಿಕ್