ಕೈಗಾ ಪಾಠಕ್ಕೆ ಎರಡು ಕತೆ ಬೇಕು

ಮಾನ್ಯ ಸಂಪಾದಕರೇ,

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕ ಬರಲಿವೆ. ಕಾರವಾರದ ಹೈಸ್ಕೂಲು ಮಕ್ಕಳು ಮನೆಯಲ್ಲಿ ಇದರದೇ ಮಾತು ಕೇಳುತ್ತಾರೆ. ತರಗತಿಯಲ್ಲಿ ಮಾತ್ರ ಭಾರಜಲ, ಕದ್ರಾ ಜಲಾಶಯದ ನೀರು ಎಂದು ನೋಟ್ಸ್ ಬರೆಸಿದರೆ ಮುಗಿಯಿತು. ಇಲ್ಲವೇ ಸಂತ್ರಸ್ತರೊಬ್ಬರ ಕತೆ ಓದಿಸುತ್ತಾರೆ. ಜನರ ಅನುಭವ ಪಾಠಕ್ಕೆ ಬರಲೇಬೇಕು. ಆದರೆ ಒಂದೇ ಕತೆ ಕೇಳಿದ ಮಕ್ಕಳು ಅದರ ಪಕ್ಷ ಸೇರಿಬಿಡುತ್ತಾರೆ, ಆಮೇಲೆ ಹೇಳಿದ ಅಂಕಿ ಕಿವಿಗೆ ಬೀಳುವುದಿಲ್ಲ.

ಅರ್ಧರ್ಧ ಪುಟದ ಎರಡು ಕತೆ ಇರಲಿ: ಯೋಜನೆಗೆ ಜಮೀನು ಬಿಟ್ಟ ಮನೆಯದೊಂದು, ಸ್ಥಾವರದ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ಮನೆಯದೊಂದು. ಹೆಸರು, ಊರು ಬದಲಿಸಬೇಕು. ಸ್ಥಾವರದ ಹತ್ತಿರದ ಮಲ್ಲಾಪುರದ ಕಡೆ ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು. "ನಿಮ್ಮ ಮನೆ ಕತೆ ಹೇಳು" ಎಂದು ಯಾರನ್ನೂ ಎಬ್ಬಿಸಬಾರದು.

ಓದಿದ ಮೇಲೆ ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಬರೆಸಿ: ಕಂಡದ್ದು, ಊಹಿಸಿದ್ದು, ನ್ಯಾಯ ಕೇಳಿದ್ದು. ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. "ಸ್ಥಾವರ ಬಂದಮೇಲೆ ಊರಲ್ಲಿ ಕ್ಯಾನ್ಸರ್ ಜಾಸ್ತಿಯಾಗಿದೆ" ಎಂಬ ವಾಕ್ಯ ತೆಗೆದುಕೊಳ್ಳಿ. ಎಷ್ಟು ಜನರಲ್ಲಿ ಎಷ್ಟು ಮಂದಿಗೆ? ಯಾವ ವಯಸ್ಸು, ಯಾವ ಬಗೆಯ ಕ್ಯಾನ್ಸರ್? ವಾಣಿಜ್ಯ ಉತ್ಪಾದನೆ ಶುರುವಾದ 2000ಕ್ಕೂ ಮುಂಚಿನ ಲೆಕ್ಕ ಇದೆಯೇ? ಆಗ ತಪಾಸಣೆಗೆ ಹೋಗುವವರಿದ್ದರೇ? ಇನ್ನೂರು ಜನರ ಕೇರಿಯಲ್ಲಿ ಒಂದೇ ವರ್ಷ ಇಬ್ಬರಿಗೆ ಬಂದರೆ ಅದು ಆಕಸ್ಮಿಕವೂ ಇರಬಹುದು, ಅಲ್ಲದೆಯೂ ಇರಬಹುದು. ಹಲವು ಊರಿನ, ಹಲವು ವರ್ಷದ ಲೆಕ್ಕ ಕೂಡಿಸದೆ ಹೇಳಲಾಗದು. "ನಾವೆಲ್ಲ ಗಟ್ಟಿಮುಟ್ಟಾಗೇ ಇದ್ದೇವಲ್ಲ" ಎಂಬ ನೌಕರರ ಮಾತನ್ನೂ ಹೀಗೇ ಜರಡಿ ಹಿಡಿಯಬೇಕು: ಅವರು ಆರೋಗ್ಯ ನೋಡಿಯೇ ಕೆಲಸಕ್ಕೆ ತೆಗೆದುಕೊಂಡವರು.

ಅಂಕಿಗಳನ್ನು ಎರಡನೇ ಪಿರಿಯಡ್‌ಗೆ ಇಟ್ಟುಕೊಳ್ಳಿ. ಎಲ್ಲವನ್ನೂ 40 ನಿಮಿಷಕ್ಕೆ ತುರುಕಿದರೆ ಕತೆಯಷ್ಟೇ ತಲೆಯಲ್ಲಿ ಉಳಿಯುತ್ತದೆ. ಸ್ಥಾವರದಿಂದ ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ). ನೆಲ, ಗಾಳಿ, ಆಕಾಶದಿಂದ ಸಹಜವಾಗಿಯೇ ಬರುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 2.4. ಇವೆರಡನ್ನೂ ಬೋರ್ಡಿನಲ್ಲಿ ಬರೆದು, ಕೈಗಾದ ಸುತ್ತ ಅಳೆಯುವವರು ಯಾರು, ಆ ಅಳತೆಯನ್ನು ಮರುಪರೀಕ್ಷೆ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಮಕ್ಕಳಿಂದಲೇ ಬರಿಸಬೇಕು.

ಜಮೀನಿಗೆ ಸಿಕ್ಕ ಪರಿಹಾರ ಸಾಲಲಿಲ್ಲ ಎಂಬ ಮಾತಿಗೆ ಮಾತ್ರ ಮಿಲಿಸೀವರ್ಟ್ ಉತ್ತರವಲ್ಲ. ಅದು ನ್ಯಾಯದ ಪ್ರಶ್ನೆ, ಹಾಗೆಂದೇ ಗುರುತಿಸಿ ಚರ್ಚಿಸಬೇಕು. ಅಂಕಿ ತೋರಿಸಿ ಅದರ ಬಾಯಿ ಮುಚ್ಚಿಸುವುದು ಮಕ್ಕಳಿಗೂ ಆ ಮನೆಯವರಿಗೂ ಮಾಡುವ ಅನ್ಯಾಯ.

ಕಿರುಪರೀಕ್ಷೆಯಲ್ಲಿ "ಕೈಗಾ ಬೇಕೇ, ಬೇಡವೇ?" ಎಂದು ಕೇಳಿದರೆ ಮಕ್ಕಳು ಮೇಷ್ಟ್ರ ಮುಖ ನೋಡಿ ಬರೆಯುತ್ತಾರೆ. "ನಿನ್ನ ಅಭಿಪ್ರಾಯ ಬದಲಾಗಬೇಕಾದರೆ ಯಾವ ಮಾಹಿತಿ ಸಿಗಬೇಕು?" ಎಂದು ಕೇಳಿ, ಅದಕ್ಕೆ ಅಂಕ ಕೊಡಿ.

– ವಿಜ್ಞಾನ ಶಿಕ್ಷಕರು, ಕಾರವಾರ