ಅಣೆಕಟ್ಟಿನ ಕೆಳಗಿನ ಹೊಳೆಗೆ ನೀರು ಬಿಡುವ ಬಗ್ಗೆ ಮನವಿ

ಇಂದ: ಹೊಳೆಬದಿ ನಿವಾಸಿಗಳು, ಉಡುಪಿ ಜಿಲ್ಲೆ
ಗೆ: ಸಂಬಂಧಪಟ್ಟ ಅಧಿಕಾರಿಗಳು

ಮಾನ್ಯರೇ,

ನಮಸ್ಕಾರ. ವಿಷಯ ನಿಮಗೆ ಹೊಸದಲ್ಲ. ಊರಿನ ಮೇಲಿನ ಕಿರು ಜಲವಿದ್ಯುತ್ ಅಣೆಕಟ್ಟಿನವರು ಬೇಸಿಗೆಯಲ್ಲಿ ಹಗಲಿಡೀ ನೀರು ಕಟ್ಟಿ ನಿಲ್ಲಿಸುತ್ತಾರೆ. ಸಂಜೆ ಕರೆಂಟಿಗೆ ಬೇಡಿಕೆ ಜಾಸ್ತಿಯಾದಾಗ ಟರ್ಬೈನ್ ತಿರುಗಿಸಿ ಒಮ್ಮೆಲೇ ಬಿಡುತ್ತಾರೆ. ಮೇಲಿಂದ ಸಿಹಿನೀರು ಹರಿಯದಿದ್ದರೆ ಭರತದ ಹೊತ್ತಿಗೆ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಮೇಲೇರುತ್ತದೆ. ಏರಿದೆ ಕೂಡ. ದಡದ ಬಾವಿಗಳ ನೀರನ್ನು ಚಾಕ್ಕೆ ಇಟ್ಟರೆ ಹಾಲು ಒಡೆಯುತ್ತದೆ. ಅಡಿಕೆ ಸಸಿಗಳ ಎಲೆ ತುದಿಯಿಂದ ಕರಟುತ್ತಿದೆ. ಪಂಪಿನ ಫುಟ್‌ವಾಲ್ವ್ ತುಕ್ಕು ತಿಂದು ಕೈಯಲ್ಲಿ ಪುಡಿಯಾಗುತ್ತದೆ.

ಸೈರನ್ ಕಂಬ ನಿಲ್ಲಿಸಿದ್ದೀರಿ, ವೈರು ಎಳೆದಿಲ್ಲ. ಮರುವಾಯಿ (ಚಿಪ್ಪುಮೀನು) ಹೆಕ್ಕಲು ಹೊಳೆಗೆ ಇಳಿದ ಹೆಂಗಸರಿಗೆ ನೀರು ಬಂದದ್ದು ಗೊತ್ತಾಗುವುದು ಕಾಲಡಿಯ ಮರಳು ಜಾರಿದಾಗಲೇ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಗೆ ಲಾರ್ಜಿ ಅಣೆಕಟ್ಟಿನ ನೀರು ದಿಢೀರ್ ಬಂದು ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಇಲ್ಲೂ ಹೆಣ ತೇಲಿದ ಮೇಲೆಯೇ ವೈರು ಎಳೆಯುತ್ತೀರಾ?

ನಾವೇನೂ ಸುಮ್ನೆ ಕೂತಿರಲಿಲ್ಲ. ಗ್ರಾಮಸಭೆಯಲ್ಲಿ ಹೇಳಿದೆವು. ನಡಾವಳಿಯಲ್ಲಿ ಬರೆದುಕೊಂಡರು, ಅಷ್ಟೇ. ಜನಸಂಪರ್ಕ ಸಭೆಯಲ್ಲಿ ಅರ್ಜಿ ಕೊಟ್ಟೆವು. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು, ಅಲ್ಲಿಯವರು ಮೊದಲಿನ ಕಚೇರಿಗೇ ಅಟ್ಟಿದರು. ಕೊನೆಗೆ ಹಿಂಬರಹ ಬಂತು: ‘ಪರಿಶೀಲನೆಯಲ್ಲಿದೆ’. ಕಳೆದ ಬೇಸಿಗೆಯಲ್ಲಿ ಸ್ಥಳ ನೋಡಲು ಬಂದವರು ಜೀಪಿನಿಂದ ಇಳಿಯದೆ, ಸೇತುವೆ ಮೇಲಿಂದಲೇ ಫೋಟೋ ತೆಗೆದು ಹೋದರು. ಆ ಸೇತುವೆಗೆ ತಡೆಗೋಡೆ ಇಲ್ಲ. ದೀಪ ಉರಿಯುವುದಿಲ್ಲ. ಟ್ಯಾಂಕರ್ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಕೆಳಗಿನ ಕಿಂಡಿ ಅಣೆಕಟ್ಟಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕಿದ್ದರೆ ಉಪ್ಪುನೀರನ್ನಾದರೂ ತಡೆಯಬಹುದಿತ್ತು, ಅಲ್ವಾ? ಅದನ್ನೂ ಮಾಡಲಿಲ್ಲ.

ಕಾಶ್ಮೀರದ ಕಿಶನ್‌ಗಂಗಾ ಜಲವಿದ್ಯುತ್ ಯೋಜನೆಯ ಬಗ್ಗೆ ಭಾರತ, ಪಾಕಿಸ್ತಾನದ ನಡುವೆ ತಕರಾರು ಎದ್ದಿತು. 1960ರ ಸಿಂಧೂ ಒಪ್ಪಂದದ ಪ್ರಕಾರ ಅದು ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. ಅಣೆಕಟ್ಟಿನ ಕೆಳಗೆ ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್ ನೀರು ಬಿಡಬೇಕೆಂದು 2013ರಲ್ಲಿ ತೀರ್ಪು ಬಂತು. 2025ರಲ್ಲಿ ಒಪ್ಪಂದವನ್ನೇ ತಡೆಹಿಡಿದದ್ದು ಬೇರೆ ಮಾತು. ಮುಖಕ್ಕೆ ಮುಖ ಕೊಡದ ಎರಡು ದೇಶಗಳ ನಡುವೆಯೂ ಇಷ್ಟು ನೀರು ಎಂದು ಬರೆದಿಡಲು ಆಯಿತು. ಒಂದೇ ಜಿಲ್ಲೆಯ ಮೇಲಿನೂರು, ಕೆಳಗಿನೂರಿಗೆ ನಿಮ್ಮಿಂದ ಯಾಕೆ ಆಗುವುದಿಲ್ಲ?

ಬೇಸಿಗೆಯಲ್ಲಿ ಹಗಲೂ ರಾತ್ರಿ ಇಂತಿಷ್ಟು ನೀರು ಬಿಡಬೇಕೆಂದು ಲಿಖಿತ ಆದೇಶ ಮಾಡಿ. ಆ ಲೆಕ್ಕವನ್ನು ಸೇತುವೆ ಬಳಿ ಬೋರ್ಡಿನಲ್ಲಿ ಹಾಕಿ. ಸೈರನ್ನಿಗೆ ಈ ವಾರವೇ ವೈರು ಎಳೆಯಿರಿ. ಹಳೆಯ ಅರ್ಜಿಗಳ ಸ್ವೀಕೃತಿ ಪ್ರತಿ ಲಗತ್ತಿಸಿದ್ದೇವೆ. ಈ ಸಲ ಫೈಲು ಸಿಗುತ್ತಿಲ್ಲ ಎನ್ನಬೇಡಿ.

ಇತಿ,
ಹೊಳೆಬದಿ ನಿವಾಸಿಗಳು
(ಸಹಿಗಳು ಹಿಂದಿನ ಪುಟದಲ್ಲಿವೆ)